ಪಟೇಲಿಕೆಯಿಂದ ಮೆಂಬರ್‌ಗಿರಿಗೆ: ಗೌಡಗೆರೆ ಸೀಮೆಯಲ್ಲಿ ಸ್ಥಳೀಯ ಅಧಿಕಾರದ ಅವಧಿ

ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಂದಾಯ ಆಡಳಿತದ ಲೆಕ್ಕದಲ್ಲಿ ಮಧುಗಿರಿ ಉಪವಿಭಾಗಕ್ಕೆ ಸೇರುತ್ತವೆ. ಶಿರಾ ತಾಲ್ಲೂಕಿನ ಐದು ಹೋಬಳಿಗಳಲ್ಲೊಂದಾದ ಗೌಡಗೆರೆಯು, ಈ ಉಪವಿಭಾಗದ ಬಹುಪಾಲು ಊರುಗಳಂತೆಯೇ, ಮಳೆ ಕಡಿಮೆ ಬೀಳುವ, ಹಿಂದೆ ಕೆರೆಯನ್ನೂ ಈಗ ಕೊಳವೆಬಾವಿಯನ್ನೂ ನಂಬಿಕೊಂಡ, ರಾಗಿ, ಕಡಲೆಕಾಯಿ ಮತ್ತು ಕುರಿಯ ಸೀಮೆ. ಇಂಥ ಸೀಮೆಯಲ್ಲಿ ಒಬ್ಬನೇ ವ್ಯಕ್ತಿ ಅಥವಾ ಒಂದೇ ಮನೆತನ ಮೂವತ್ತು ನಲವತ್ತು ವರ್ಷ ಸ್ಥಳೀಯ ಅಧಿಕಾರದಲ್ಲಿ ಉಳಿಯುವುದು ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ, ಜನರ ವಿಶ್ವಾಸ ಎಂಬ ವಾಡಿಕೆಯ ಉತ್ತರ ಅರ್ಧ ಮಾತ್ರ ನಿಜ. ಅಧಿಕಾರದ ಅವಧಿಯನ್ನು ಇಲ್ಲಿ ಹೆಚ್ಚಾಗಿ ನಿರ್ಧರಿಸಿದ್ದು ಅದನ್ನು ಕೊಟ್ಟ ಕಾನೂನು. ಆ ಅವಧಿಯೊಳಗೆ ಒಬ್ಬನನ್ನು ಊರಿಗೆ ಬೇಕಾದವನನ್ನಾಗಿ ಮಾಡಿದ್ದು ಕಾಗದ ಮತ್ತು ನೀರು ಎಂಬ ಎರಡು ವಿಷಯಗಳ ಮೇಲೆ ಅವನಿಗಿದ್ದ ಹಿಡಿತ. ನಗರಸಭೆ, ಪುರಸಭೆ ಮತ್ತು ಗ್ರಾಮ ಪಂಚಾಯಿತಿಗಳಲ್ಲಿ ಪದೇಪದೇ ಗೆದ್ದುಬರುವ ಇಂದಿನ ಸದಸ್ಯನನ್ನು ಅರ್ಥಮಾಡಿಕೊಳ್ಳಬೇಕಾದರೆ ಅವನಿಗಿಂತ ಹಿಂದೆ ಚಾವಡಿಯಲ್ಲಿ ಕೂತಿದ್ದವರಿಂದಲೇ ಆರಂಭಿಸಬೇಕಾಗುತ್ತದೆ.

ಹಳೆಯ ಮೈಸೂರಿನಲ್ಲಿ ತಾಲ್ಲೂಕಿಗೆ ಅಮಲ್ದಾರ, ಹೋಬಳಿಗೆ ಶೇಕದಾರ ಇದ್ದರೆ, ಊರಿನ ಮಟ್ಟದಲ್ಲಿ ಪಟೇಲ ಮತ್ತು ಶಾನುಭೋಗ ಸರ್ಕಾರದ ಪ್ರತಿನಿಧಿಗಳಾಗಿದ್ದರು. ಪಟೇಲನು ಕಂದಾಯದ ಕಂತು ವಸೂಲು ಮಾಡಿಸುವುದು, ಕಳವು ಜಗಳಗಳ ಸುದ್ದಿಯನ್ನು ಮೇಲಿನವರಿಗೆ ಮುಟ್ಟಿಸುವುದು, ಊರಿಗೆ ಬಂದ ಅಧಿಕಾರಿಗಳ ವ್ಯವಸ್ಥೆ ನೋಡಿಕೊಳ್ಳುವುದು ಮುಂತಾದ ಕೆಲಸಗಳಿಗೆ ಹೊಣೆಯಾಗಿದ್ದರೆ, ಶಾನುಭೋಗನು ಯಾವ ಹೊಲ ಯಾರದು, ಯಾರ ಬಾಕಿ ಎಷ್ಟು, ಯಾವ ಗದ್ದೆಗೆ ಎಷ್ಟು ನೀರಿನ ಹಕ್ಕು ಎಂಬ ಲೆಕ್ಕವನ್ನು ಬರೆದಿಡುತ್ತಿದ್ದನು. ಈ ಇಬ್ಬರ ಕೈಕೆಳಗೆ ಊರಿನ ಸುದ್ದಿ ಮತ್ತು ಕಾಗದಗಳನ್ನು ಹೊತ್ತೊಯ್ಯುವ ತೋಟಿ, ಕಾವಲಿನ ತಳವಾರ, ಕೆರೆಯ ತೂಬು ತೆಗೆದು ಮುಚ್ಚಿ ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವ ನೀರಗಂಟಿ ಇದ್ದರು. ಇವೆಲ್ಲವೂ ವಂಶಪಾರಂಪರ್ಯ ಹುದ್ದೆಗಳು. 1908ರ ಮೈಸೂರು ಗ್ರಾಮಾಧಿಕಾರಿಗಳ ರೆಗ್ಯುಲೇಷನ್ ಹಿಂದಿನಿಂದ ನಡೆದುಬಂದ ಈ ಪದ್ಧತಿಗೆ ಕಾನೂನಿನ ರೂಪ ಕೊಟ್ಟಿತು. ಆ ಕಾಲದಲ್ಲಿ ಶಾಸನಗಳನ್ನು ರೆಗ್ಯುಲೇಷನ್ ಎಂದು ಕರೆಯುವುದು ರೂಢಿಯಾಗಿತ್ತು. ಈ ವ್ಯವಸ್ಥೆಯಲ್ಲಿ ಪಟೇಲನ ಮಗ ಪಟೇಲನಾಗುವುದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ವಾರಸುದಾರಿಕೆಯ ತಕರಾರು ಬಂದರೆ ತೀರ್ಮಾನ ಕಂದಾಯ ಅಧಿಕಾರಿಗಳದು. ಆದ್ದರಿಂದ ಅಧಿಕಾರದ ಅವಧಿ ಎಂದರೆ ಒಬ್ಬ ಮನುಷ್ಯನ ಆಯುಷ್ಯವೇ ಆಗಿತ್ತು, ಮನೆತನದ ಲೆಕ್ಕದಲ್ಲಿ ಅದಕ್ಕೆ ಕೊನೆಯೇ ಇರಲಿಲ್ಲ.

ಇವರಲ್ಲಿ ಹೆಚ್ಚು ಹೆಸರಿದ್ದವನು ಪಟೇಲನಾದರೂ ಹೆಚ್ಚು ಬಲವಿದ್ದವನು ಶಾನುಭೋಗನೇ ಎನ್ನಲು ಕಾರಣಗಳಿವೆ. ಕಾಗದ ಬಳಕೆಗೆ ಬರುವ ಮೊದಲು ಅವನು ಲೆಕ್ಕ ಬರೆಯುತ್ತಿದ್ದುದು ಕಡತದ ಮೇಲೆ: ಉದ್ದನೆಯ ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯ ಮಿಶ್ರಣವನ್ನು ಬಳಿದು, ಒಣಗಿಸಿ, ಒಂದರ ಮೇಲೊಂದು ಬರುವಂತೆ ಮಡಿಚಿ, ಎರಡು ಹಲಗೆಗಳ ನಡುವೆ ಕಟ್ಟಿಟ್ಟುಕೊಳ್ಳುತ್ತಿದ್ದ ಕಪ್ಪು ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬರೆದದ್ದು ವರ್ಷಗಟ್ಟಲೆ ಉಳಿಯುತ್ತಿತ್ತು, ಬೇಕೆಂದರೆ ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು. ಬ್ರಿಟಿಷ್ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಮೈಸೂರಿನ ಚರಿತ್ರೆ ಬರೆಯುವಾಗ ಇಂಥ ಕಡತಗಳನ್ನು ವಿಶೇಷವಾಗಿ ಗಮನಿಸಿದ್ದಾನೆ. ಒರೆಸಬಹುದಾದ ದಾಖಲೆ ಒಂದೇ ಮನೆಯ ಅಟ್ಟದಲ್ಲಿ ತಲೆಮಾರುಗಟ್ಟಲೆ ಇರುವುದೆಂದರೆ ಅದು ಎಂಥ ಅಧಿಕಾರ ಎಂಬುದನ್ನು ರೈತನಿಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ವರ್ಷಕ್ಕೊಮ್ಮೆ ಮೇಲಧಿಕಾರಿಗಳು ಊರಿನ ಲೆಕ್ಕವನ್ನು ಪರಿಶೀಲಿಸಿ ಕಂದಾಯವನ್ನು ಗೊತ್ತುಪಡಿಸುವ ಜಮಾಬಂದಿಯ ದಿನ ಪಟೇಲನು ಪೇಟ ಸುತ್ತಿಕೊಂಡು ಮುಂದೆ ನಿಂತರೂ, ಅಮಲ್ದಾರನ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿದ್ದುದು ಹಿಂದೆ ಕೂತ ಶಾನುಭೋಗನ ಬೆರಳು.

ತೋಟಿ, ತಳವಾರ ಮತ್ತು ನೀರಗಂಟಿಗಳ ಸೇವೆಯೂ ಅಷ್ಟೇ ದೀರ್ಘವಾದದ್ದು, ಆದರೆ ಅದನ್ನು ಅಧಿಕಾರವೆಂದು ಕರೆಯುವುದು ಸಲ್ಲದು. ತೋಟಿಯ ಚಾಕರಿ ಬಹುಮಟ್ಟಿಗೆ ದಲಿತ ಕುಟುಂಬಗಳ ಮೇಲೆ ಬಿದ್ದಿತ್ತು. ಪ್ರತಿಫಲವಾಗಿ ಒಂದಿಷ್ಟು ಇನಾಮು ಜಮೀನು ಮತ್ತು ಸುಗ್ಗಿಯಲ್ಲಿ ಕಣದಿಂದ ಸಿಗುವ ಆಯ ಇದ್ದರೂ, ಕರೆದಾಗ ಬರಬೇಕಾದ, ಬಿಡುವೆಂಬುದೇ ಇಲ್ಲದ ಕೆಲಸ ಅದು. ಪರಂಪರೆಯ ಹುದ್ದೆ ಎಂಬ ಒಂದೇ ಮಾತು ಪಟೇಲನ ಮನೆಗೆ ಗೌರವವನ್ನೂ ತೋಟಿಯ ಮನೆಗೆ ಕಟ್ಟುಪಾಡನ್ನೂ ತಂದಿತು. ಗ್ರಾಮಾಡಳಿತದ ಸುವರ್ಣಕಾಲವೆಂದು ಈ ವ್ಯವಸ್ಥೆಯನ್ನು ಹೊಗಳುವ ಬರಹಗಳು ಸಾಮಾನ್ಯವಾಗಿ ಚಾವಡಿಯ ಜಗಲಿಯ ಮೇಲೆ ಕೂತು ಬರೆದವುಗಳೇ ಹೊರತು ಅಂಗಳದಲ್ಲಿ ನಿಂತು ಬರೆದವುಗಳಲ್ಲ.

ಪೇಟೆಗಳ ಕಥೆ ಬೇರೆ. ಮೊಘಲರ ಕಾಲದಲ್ಲಿ, 1687ರ ನಂತರ, ಒಂದು ಸುಬಾದ ರಾಜಧಾನಿಯಾಗಿದ್ದ, ಮುಂದೆ 1761ರಲ್ಲಿ ಹೈದರಾಲಿಯ ವಶಕ್ಕೆ ಬಂದ ಶಿರಾ, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಒಂದು ತಾಲ್ಲೂಕಿನ ಕಸಬೆಯಾಗಿ ಇಳಿದಿತ್ತು. ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ, 1862ರಲ್ಲಿ, ಬೌರಿಂಗ್ ಕಮಿಷನರನಾಗಿದ್ದ ಕಾಲದಲ್ಲಿ ಬೆಂಗಳೂರಿಗೆ ಪುರಸಭಾ ಮಂಡಳಿ ಬಂದಿತು. ಮುಂದಿನ ದಶಕಗಳಲ್ಲಿ ಆ ಏರ್ಪಾಟು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಿಗೂ ಹಬ್ಬಿತು. ಈ ಸಣ್ಣ ಪುರಸಭೆಗಳಲ್ಲಿ ಅಮಲ್ದಾರನೇ ಅಧ್ಯಕ್ಷ, ಉಳಿದವರು ಸರ್ಕಾರ ನೇಮಿಸಿದ ಅಧಿಕಾರಿಗಳು ಮತ್ತು ಊರಿನ ವರ್ತಕರು, ಜಮೀನುದಾರರು. ಪುರಸಭೆಯ ಕೌನ್ಸಿಲರ್ ಎಂಬ ಪದವಿಯು ಹೀಗೆ ಮತದಿಂದಲ್ಲ, ಮನ್ನಣೆಯಿಂದ ಹುಟ್ಟಿತು. ಒಮ್ಮೆ ನೇಮಕಗೊಂಡ ಸಾಹುಕಾರನನ್ನು ಅಧಿಕಾರಿಗಳು ಮತ್ತೆ ಮತ್ತೆ ನೇಮಿಸುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ, ಬೀದಿದೀಪದ ಎಣ್ಣೆಗೂ ಬಾವಿಯ ರಿಪೇರಿಗೂ ಚಂದಾ ಕೊಡಬಲ್ಲವರ ಸಂಖ್ಯೆ ಚಿಕ್ಕ ಪೇಟೆಯಲ್ಲಿ ಬಹಳ ಇರುತ್ತಿರಲಿಲ್ಲ.

ರಾಜಧಾನಿಯಲ್ಲಿ ಈ ಬಗೆಯ ವೃತ್ತಿಜೀವನದ ಅತ್ಯಂತ ಪ್ರಸಿದ್ಧ ಉದಾಹರಣೆ ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿ. ಸರ್ಕಾರಿ ಸೇವೆಯಲ್ಲಿ ಮೇಲಿನ ಸ್ಥಾನಗಳಿಗೇರಿ ನಿವೃತ್ತರಾಗಿದ್ದ ಅವರು, ಬೆಂಗಳೂರು ನಗರ ಪುರಸಭೆಗೆ ಗೌರವ ಅಧ್ಯಕ್ಷರನ್ನು ನೇಮಿಸುವ ಪದ್ಧತಿ 1913ರಲ್ಲಿ ಬಂದಾಗ ಆ ಸ್ಥಾನಕ್ಕೆ ಬಂದು, 1920ರವರೆಗೆ ಅಲ್ಲಿದ್ದರು. 1935ರಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಪುರಭವನ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಪುಟ್ಟಣ್ಣ ಚೆಟ್ಟಿಯವರ ದಾನಧರ್ಮ, ದಕ್ಷತೆಗಳ ಬಗ್ಗೆ ಎರಡು ಮಾತಿಲ್ಲ. ಆದರೆ ಅಂಥ ಸೇವೆ ಸಾಧ್ಯವಾದದ್ದು ಹೊಟ್ಟೆಪಾಡಿನ ಚಿಂತೆಯಿಲ್ಲದ, ಅಧಿಕಾರಿವರ್ಗದ ಭಾಷೆ ಬಲ್ಲ ವ್ಯಕ್ತಿಗೆ ಮಾತ್ರ ಎಂಬುದನ್ನೂ ಜೊತೆಗೆ ಹೇಳಬೇಕು. ಶಿರಾ ಮತ್ತು ಮಧುಗಿರಿಗಳ ಪುರಸಭೆಗಳಲ್ಲಿ ಇದೇ ಮಾದರಿ, ಹತ್ತಿಪ್ಪತ್ತು ಪಟ್ಟು ಚಿಕ್ಕ ಅಳತೆಯಲ್ಲಿ, ನಡೆಯಿತೆನ್ನಬಹುದು.

ಹಳ್ಳಿಗಳಿಗೆ ಆಯ್ಕೆಯ ತತ್ತ್ವ ನಿಧಾನವಾಗಿ ಬಂದಿತು. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ ತಾಲ್ಲೂಕುಗಳ ದೊಡ್ಡ ರೈತರು ಮತ್ತು ವರ್ತಕರು ಮೊದಲ ಬಾರಿಗೆ ಸರ್ಕಾರದ ಎದುರು ಅಹವಾಲು ಹೇಳಿಕೊಳ್ಳುವಂತಾಯಿತು. 1911ರ ಕೆರೆ ಪಂಚಾಯಿತಿ ರೆಗ್ಯುಲೇಷನ್ ಕೆರೆಗಳ ಉಸ್ತುವಾರಿಯಲ್ಲಿ ಅಚ್ಚುಕಟ್ಟಿನ ರೈತರನ್ನು ತೊಡಗಿಸಲು ಯತ್ನಿಸಿತು. ಅಚ್ಚುಕಟ್ಟು ಎಂದರೆ ಕೆರೆಯ ನೀರು ಹಾಯುವ ಭೂಮಿ. 1918 ಮತ್ತು 1926ರ ಶಾಸನಗಳು ಗ್ರಾಮ ಪಂಚಾಯಿತಿಗಳಿಗೆ ರೂಪ ಕೊಟ್ಟವು. ಇವೆಲ್ಲ ಕಾಗದದ ಮೇಲೆ ಚೆನ್ನಾಗಿದ್ದರೂ, ಪಟೇಲ ಶಾನುಭೋಗರು ಇದ್ದಲ್ಲೇ ಇದ್ದುದರಿಂದ, ಪಂಚಾಯಿತಿ ಎಂಬುದು ಚಾವಡಿಯ ಪಕ್ಕದಲ್ಲಿ ಹಾಕಿದ ಇನ್ನೊಂದು ಬೆಂಚಿಗಿಂತ ಹೆಚ್ಚಿನದೇನೂ ಆಗಲಿಲ್ಲ.

ನಿಜವಾದ ಮುರಿತ ಬಂದದ್ದು ಸ್ವಾತಂತ್ರ್ಯದ ನಂತರ, ಅದೂ ಎರಡು ಕಾನೂನುಗಳ ಮೂಲಕ. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಅಧಿನಿಯಮವು ಏಕೀಕೃತ ರಾಜ್ಯಕ್ಕೆಲ್ಲ ಒಂದೇ ಬಗೆಯ ಗ್ರಾಮ ಪಂಚಾಯಿತಿ, ಅದರ ಮೇಲೆ ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಸಲಹೆ ಮಾತ್ರ ಕೊಡಬಲ್ಲ ಪರಿಷತ್ತು ಎಂಬ ಚೌಕಟ್ಟನ್ನು ತಂದಿತು. 1961ರ ಗ್ರಾಮಾಧಿಕಾರ ರದ್ದಿಯಾತಿ ಅಧಿನಿಯಮವು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಪಟೇಲಿಕೆ, ಶಾನುಭೋಗಿಕೆ, ತೋಟಿಕೆ, ತಳವಾರಿಕೆಗಳನ್ನೆಲ್ಲ ಒಮ್ಮೆಲೇ ಅಳಿಸಿತು; ಶಾನುಭೋಗನ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದನು, ಸೇವೆಗೆಂದು ಕೊಟ್ಟಿದ್ದ ಇನಾಮು ಜಮೀನುಗಳನ್ನು ಅವುಗಳ ಹಿಡುವಳಿದಾರರಿಗೆ ಮರುಮಂಜೂರು ಮಾಡುವ ಪ್ರಕ್ರಿಯೆ ಆರಂಭವಾಯಿತು. ತೋಟಿ ತಳವಾರರ ಕುಟುಂಬಗಳಿಗೆ ಇದು ಜಮೀನಿನ ಪಹಣಿಯಲ್ಲಿ ಸ್ವಂತ ಹೆಸರು ಕಾಣುವ ಅವಕಾಶವಾಗಿತ್ತು. ಆದರೆ ಮರುಮಂಜೂರಾದ ಜಮೀನು ಅನೇಕ ಕಡೆ ಬಹುಬೇಗ ಉಳ್ಳವರ ಕೈಸೇರಿದ್ದರಿಂದ 1978ರಲ್ಲಿ ತಿದ್ದುಪಡಿ ತಂದು ಅದರ ಪರಭಾರೆಗೆ, ಅಂದರೆ ಮಾರಾಟ ವರ್ಗಾವಣೆಗಳಿಗೆ, ತಡೆ ಹಾಕಬೇಕಾಯಿತು.

ಹುದ್ದೆ ಹೋದರೂ ಮನೆತನ ಎಲ್ಲಿಗೂ ಹೋಗಲಿಲ್ಲ. ಪಟೇಲರ ಮನೆಯವರೇ ಪಂಚಾಯಿತಿ ಚೇರ್ಮನ್ ಆಗಿ ಆಯ್ಕೆಯಾಗುವುದು ಮೊದಲ ಎರಡು ದಶಕಗಳಲ್ಲಿ ಸಾಮಾನ್ಯವಾಗಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆ ಚೇರ್ಮನ್ನರ ದೀರ್ಘಾವಧಿಗೆ ಗೆಲುವುಗಳಷ್ಟೇ ಚುನಾವಣೆ ನಡೆಯದಿದ್ದುದೂ ಕಾರಣ. ಅವಧಿ ಮುಗಿದ ಮೇಲೂ ಸರ್ಕಾರ ಅದನ್ನು ವಿಸ್ತರಿಸುವುದು, ಇಲ್ಲವೆ ಚುನಾವಣೆಯನ್ನು ಮುಂದಕ್ಕೆ ಹಾಕುವುದು ಆ ಕಾಲದ ವಾಡಿಕೆ. ಒಮ್ಮೆ ಗೆದ್ದವನು ಎರಡು ಸಲ ಗೆದ್ದಷ್ಟು ಕಾಲ ಕುರ್ಚಿಯಲ್ಲಿರಲು ಏನನ್ನೂ ಮಾಡಬೇಕಿರಲಿಲ್ಲ. ಪುರಸಭೆಗಳಲ್ಲಿ 1964ರ ಅಧಿನಿಯಮದ ಅಡಿಯಲ್ಲಿ ಇದರ ಜೊತೆಗೆ ಸೂಪರ್‌ಸೀಡ್ ಎಂಬ ಇನ್ನೊಂದು ಅಸ್ತ್ರವೂ ಇತ್ತು: ಸರ್ಕಾರ ಸಭೆಯನ್ನು ವಿಸರ್ಜಿಸಿ ಆಡಳಿತಾಧಿಕಾರಿಯನ್ನು ಕೂರಿಸಬಹುದಾಗಿತ್ತು. ಪೇಟೆಯ ಕೌನ್ಸಿಲರನ ಪ್ರಭಾವಕ್ಕೆ ಆಗ ಮುಖ್ಯ ಆಧಾರವಾಗಿದ್ದುದು ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲೆ ನಾಕಾದಲ್ಲಿ ವಸೂಲು ಮಾಡುತ್ತಿದ್ದ ಸುಂಕ. ಶಿರಾದಂಥ ಹೆದ್ದಾರಿಯ ಊರಿನಲ್ಲಿ, ಕಡಲೆಕಾಯಿ ಮೂಟೆ ಹೊತ್ತ ಗಾಡಿ ನಾಕಾದ ಮುಂದೆ ನಿಂತಾಗ ಮೆಂಬರರ ಒಂದು ಮಾತಿಗೆ ಬೆಲೆಯಿತ್ತು. ಕರ್ನಾಟಕವು 1979ರಲ್ಲಿ ಆಕ್ಟ್ರಾಯ್ ಅನ್ನು ರದ್ದುಮಾಡಿದಾಗ ಪುರಸಭೆಗಳು ಸ್ವಂತ ವರಮಾನದ ದೊಡ್ಡ ಭಾಗವನ್ನು ಕಳೆದುಕೊಂಡು ರಾಜ್ಯದ ಅನುದಾನವನ್ನು ಎದುರುನೋಡುವಂತಾದವು, ಕೌನ್ಸಿಲರನೂ ತಾನೇ ಖರ್ಚು ಮಾಡುವವನಾಗಿದ್ದುದು ಹೋಗಿ ಮೇಲಿನವರಿಂದ ತರಿಸಿಕೊಡುವವನಾದನು.

1983ರ ಜಿಲ್ಲಾ ಪರಿಷತ್ತು ಅಧಿನಿಯಮ ಮತ್ತು ಅದರಂತೆ 1987ರ ಜನವರಿಯಲ್ಲಿ ನಡೆದ ಚುನಾವಣೆ ಈ ಸೀಮೆಯ ರಾಜಕೀಯವನ್ನು ತಳದಿಂದ ಅಲುಗಾಡಿಸಿದವು. ರಾಮಕೃಷ್ಣ ಹೆಗಡೆ ಸರ್ಕಾರದ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಬರದ ನಾಡುಗಳಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದ್ದರಿಂದ ‘ನೀರ್‌ಸಾಬ್’ ಎಂದೇ ಹೆಸರಾಗಿದ್ದರು. ಅವರೇ ಈ ಅಧಿನಿಯಮದ ಶಿಲ್ಪಿ. ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ ಪಂಚಾಯಿತಿ, ಅದಕ್ಕೊಬ್ಬ ಪ್ರಧಾನ, ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನ ಎಂಬ ಏರ್ಪಾಟಿನಲ್ಲಿ, ಪಟೇಲರ ಮನೆಯ ಹೊರಗಿನವರು ಗಣನೀಯ ಸಂಖ್ಯೆಯಲ್ಲಿ ಮೊದಲ ಬಾರಿಗೆ ಸಭೆಗೆ ಬಂದರು. ಈ ಮಂಡಲಗಳ ಅವಧಿ 1992ರ ಜನವರಿಗೆ ಮುಗಿದಾಗ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಹೀಗಾಗಿ ಪ್ರಧಾನ ಎಂಬ ಪದವಿಯ ಆಯುಷ್ಯ ಒಂದೇ ಅವಧಿಯದಾಯಿತು.

ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳ ನಂತರ, 1993ರ ಪಂಚಾಯತ್ ರಾಜ್ ಅಧಿನಿಯಮದಿಂದ, ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯವಾಯಿತು. ಸುಮಾರು 400 ಜನರಿಗೆ ಒಬ್ಬ ಸದಸ್ಯ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಹಾಗೂ ಮಹಿಳೆಯರಿಗೆ ಸರದಿಯ ಮೀಸಲಾತಿ, ಗ್ರಾಮ ಪಂಚಾಯಿತಿಗೆ ಪಕ್ಷರಹಿತ ಚುನಾವಣೆ ಎಂಬ ನಿಯಮಗಳು ಬಂದವು. ಸರದಿ ಎಂದರೆ, ಒಂದು ಕ್ಷೇತ್ರ ಈ ಸಲ ಸಾಮಾನ್ಯವಾಗಿದ್ದರೆ ಮುಂದಿನ ಸಲ ಮಹಿಳೆಗೆ, ಅದರ ಮುಂದಿನ ಸಲ ಮತ್ತೊಂದು ವರ್ಗಕ್ಕೆ ಮೀಸಲಾಗಬಹುದು. ಮಹಿಳೆಯರ ಪಾಲು ಮೊದಲು ಮೂರರಲ್ಲಿ ಒಂದಾಗಿದ್ದು 2010ರ ತಿದ್ದುಪಡಿಯಿಂದ ಅರ್ಧಕ್ಕೇರಿತು. ಶಿರಾ ತಾಲ್ಲೂಕಿನಲ್ಲಿ ಊರಿನಿಂದ ದೂರ, ಕುರಿಯ ರೊಪ್ಪಗಳ ಸುತ್ತ ಕಟ್ಟಿಕೊಂಡ ಕಾಡುಗೊಲ್ಲರ ಹಟ್ಟಿಗಳು ಬಹಳ. ಪಟೇಲಿಕೆಯ ಕಾಲದಲ್ಲಿ ಚಾವಡಿಗೆ ಅಹವಾಲು ಹೊತ್ತು ಬರುವವರಷ್ಟೇ ಆಗಿದ್ದ ಹಟ್ಟಿಯವರು ಈ ವ್ಯವಸ್ಥೆಯಲ್ಲಿ ಸಭೆಯ ಮೇಜಿನ ಸುತ್ತ ಕೂರುವವರಾದರು.

ಆದರೆ ಇದೇ ಸರದಿಯ ನಿಯಮ ದೀರ್ಘಕಾಲದ ಸದಸ್ಯನ ಬೇರಿಗೂ ಕತ್ತರಿ ಹಾಕಿತು. ಒಂದು ಬ್ಲಾಕಿನಲ್ಲಿ, ಅಂದರೆ ಪಂಚಾಯಿತಿಯ ಒಂದು ಕ್ಷೇತ್ರದಲ್ಲಿ, ಗೆದ್ದು, ಐದು ವರ್ಷ ಚರಂಡಿ, ಬೀದಿದೀಪ, ಆಶ್ರಯ ಮನೆ ಎಂದು ಓಡಾಡಿ ಹೆಸರು ಮಾಡಿದವನಿಗೆ ಮುಂದಿನ ಸಲ ಅದೇ ಬ್ಲಾಕು ಸಿಗುವ ಖಾತ್ರಿ ಇಲ್ಲವಾಯಿತು. ಆಗ ಅವನ ಮುಂದಿದ್ದ ದಾರಿಗಳು ಕೆಲವೇ: ಪಕ್ಕದ ಬ್ಲಾಕಿಗೆ ಹೋಗುವುದು, ಹೆಂಡತಿಯನ್ನೋ ಸೊಸೆಯನ್ನೋ ನಿಲ್ಲಿಸುವುದು, ಇಲ್ಲವೆ ಸಹಕಾರ ಸಂಘ, ಹಾಲಿನ ಡೇರಿಗಳ ಕಡೆ ತಿರುಗುವುದು. ಎರಡನೆಯ ದಾರಿಯಿಂದ ಹುಟ್ಟಿದ್ದೇ, ಸದಸ್ಯೆ ಸಹಿ ಹಾಕುವ, ಗಂಡ ಸಭೆ ನಡೆಸುವ ದೃಶ್ಯ. ಅದನ್ನು ತೋರಿಸಿ ಮೀಸಲಾತಿಯೇ ವ್ಯರ್ಥವೆನ್ನುವ ಟೀಕೆ ಸುಲಭವಾದರೂ, ಪಟೇಲಿಕೆಯ ಕಾಲದಲ್ಲಿ ಅಪ್ರಾಪ್ತ ವಾರಸುದಾರನ ಪರವಾಗಿ ಬೇರೊಬ್ಬರು ಅಧಿಕಾರ ನಡೆಸುತ್ತಿದ್ದುದಕ್ಕೆ ಇದೇ ಟೀಕಾಕಾರರ ಹಿರಿಯರು ಆಕ್ಷೇಪ ಎತ್ತಿದ ನೆನಪು ಯಾರಿಗೂ ಇಲ್ಲ.

ಅಧ್ಯಕ್ಷಗಿರಿಯ ಅವಧಿ ಇನ್ನೂ ಚಿಕ್ಕದು. ಕೆಲಕಾಲ ಇಪ್ಪತ್ತು ತಿಂಗಳಿದ್ದದ್ದು ಮುಂದೆ ಮೂವತ್ತು ತಿಂಗಳಾಯಿತು. ಅದರೊಳಗೂ ಸದಸ್ಯರು ತಮ್ಮ ತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಪದವಿಯನ್ನು ಹಂಚಿಕೊಳ್ಳುವುದು, ಒಪ್ಪಂದ ಮುರಿದಾಗ ಅವಿಶ್ವಾಸದ ಅರ್ಜಿ ಹಿಡಿದು ಮಧುಗಿರಿಯ ಉಪವಿಭಾಗಾಧಿಕಾರಿಯ ಕಚೇರಿಗೆ ಹೋಗುವುದು ಈ ನಾಲ್ಕೂ ತಾಲ್ಲೂಕುಗಳ ಪಂಚಾಯಿತಿ ರಾಜಕೀಯದ ಪರಿಚಿತ ಅಧ್ಯಾಯಗಳು. ಅವಿಶ್ವಾಸ ನಿರ್ಣಯದ ಸಭೆಯನ್ನು ಕರೆಯುವ ಅಧಿಕಾರ ಕಾನೂನಿನಂತೆ ಆ ಅಧಿಕಾರಿಯದೇ. ಹೀಗೆ ಆಯ್ಕೆಯಾದವರ ಕುರ್ಚಿಯ ಜಗಳವು ಕೊನೆಗೆ, ವಾರಸುದಾರಿಕೆಯ ಹಳೆಯ ತಕರಾರುಗಳಂತೆಯೇ, ಕಂದಾಯ ಅಧಿಕಾರಿಯ ಮೇಜಿಗೆ ಬಂದು ನಿಲ್ಲುತ್ತದೆ.

ಇಷ್ಟೆಲ್ಲ ಅಡ್ಡಿಗಳ ನಡುವೆಯೂ ಮೂರು ನಾಲ್ಕು ಅವಧಿ ಉಳಿದುಕೊಳ್ಳುವ ಸದಸ್ಯರು ಪ್ರತಿ ಪಂಚಾಯಿತಿ, ಪುರಸಭೆಯಲ್ಲೂ ಒಬ್ಬಿಬ್ಬರಿರುತ್ತಾರೆ. ಅವರ ಬೆಳಗಿನ ದಿನಚರಿಯನ್ನು ನೋಡಿದರೆ ಹಳೆಯ ಎರಡು ಹುದ್ದೆಗಳು ಒಬ್ಬನಲ್ಲೇ ಸೇರಿರುವುದು ಕಾಣುತ್ತದೆ. ಮೊದಲನೆಯದು ನೀರು. ಗ್ರಾಮ ಪಂಚಾಯಿತಿಯಲ್ಲಿ ಕೊಳವೆಬಾವಿಯ ಮೋಟಾರು ಹಾಕಿ, ವಾಲ್ವು ತಿರುಗಿಸಿ, ಬೀದಿ ಬೀದಿಗೆ ಸರದಿಯಂತೆ ನೀರು ಬಿಡುವ ನೌಕರನನ್ನು ಜನ ಇಂದಿಗೂ ನೀರಗಂಟಿ ಎಂದೇ ಕರೆಯುತ್ತಾರೆ. ಹಿಂದೆ ತೂಬಿನ ಬಳಿ ನಿಂತಿದ್ದವನು ಈಗ ವಾಲ್ವಿನ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿರುತ್ತಾನೆ, ಯಾವ ಬೀದಿಗೆ ಮೊದಲು ಎಂಬ ಜಗಳ ಮಾತ್ರ ಹಾಗೆಯೇ ಇದೆ. ಕರೆಂಟು ರಾತ್ರಿ ಎರಡಕ್ಕೆ ಬಂದರೆ ನೀರಗಂಟಿಯನ್ನು ಎಬ್ಬಿಸುವವನು, ಮೋಟಾರು ಸುಟ್ಟರೆ ಶಿರಾಕ್ಕೆ ಕಳಿಸಿ ರಿವೈಂಡಿಂಗ್ ಮಾಡಿಸುವವನು, ಬೇಸಿಗೆಯಲ್ಲಿ ಟ್ಯಾಂಕರಿಗೆ ಬಿಲ್ಲು ಬರೆಸುವವನು ಮೆಂಬರ್. ಎರಡನೆಯದು ಕಾಗದ. ಮನೆ ಅಥವಾ ನಿವೇಶನದ ಒಡೆತನವನ್ನು ಪಂಚಾಯಿತಿಯ ಲೆಕ್ಕದಲ್ಲಿ ದಾಖಲಿಸುವ ಖಾತೆ, ಅದನ್ನು ಗಣಕೀಕರಿಸಿದ ಇ-ಸ್ವತ್ತು ವ್ಯವಸ್ಥೆಯ ನಮೂನೆ 9 ಮತ್ತು 11, ವಸತಿ ಯೋಜನೆಯ ಫಲಾನುಭವಿ ಪಟ್ಟಿ, ಉದ್ಯೋಗಖಾತರಿಯ ಕ್ರಿಯಾಯೋಜನೆ, ಇವುಗಳಲ್ಲಿ ಯಾವ ಅರ್ಜಿ ಯಾವ ಮೇಜಿನಲ್ಲಿ ನಿಂತಿದೆ ಎಂದು ಬಲ್ಲವನಿಗೆ ಊರಿನಲ್ಲಿ ಎರಡು ಪೀಳಿಗೆಯ ಮತ ಉಳಿಯುತ್ತದೆ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಎರಡು ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ. ಹಳೆಯ ನಡಾವಳಿ ಪುಸ್ತಕದಲ್ಲಿ ಯಾವ ವರ್ಷದ ಯಾವ ಸಭೆಯಲ್ಲಿ ಏನು ಠರಾವಾಗಿತ್ತು ಎಂಬುದು ಹಳೆಯ ಸದಸ್ಯನ ತಲೆಯಲ್ಲಿ ಇರುತ್ತದೆ. ಕಡತ ಅಟ್ಟದಿಂದ ಇಳಿದು ಕಂಪ್ಯೂಟರಿಗೆ ಸೇರಿದರೂ ಓದಿ ಹೇಳುವವನ ಅಗತ್ಯ ತೀರಿಲ್ಲ.

ಕಾನೂನಿನ ಅವಧಿ ಮತ್ತು ನಿಜವಾದ ಅವಧಿಗಳ ನಡುವಿನ ಅಂತರವೂ ಇನ್ನೂ ಮುಚ್ಚಿಲ್ಲ. 2018ರ ಆಗಸ್ಟ್‌ನಲ್ಲಿ ಚುನಾವಣೆ ನಡೆದ ರಾಜ್ಯದ ಅನೇಕ ಪುರಸಭೆಗಳಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದಲ್ಲಿ ಸಿಲುಕಿ, ಗೆದ್ದವರು ಸುಮಾರು ಎರಡು ವರ್ಷ ಸಭೆಯಿಲ್ಲದ ಸದಸ್ಯರಾಗಿ ಉಳಿದರು. ಐದು ವರ್ಷದ ಎಣಿಕೆ ಮೊದಲ ಸಭೆಯಿಂದ ಆರಂಭವಾಗುವುದರಿಂದ, ಒಂದೇ ಗೆಲುವಿನ ಮೇಲೆ ಅವರು ಏಳು ವರ್ಷದಷ್ಟು ಕಾಲ ಮೆಂಬರ್ ಎನಿಸಿಕೊಂಡರು. ಬೆಂಗಳೂರಿನ ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಹಲವು ವರ್ಷ ಅಲ್ಲಿ ಚುನಾಯಿತ ಸಭೆಯೇ ಇರಲಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿದ ಮೇಲೂ ಹೀಗೆಯೇ ಆಯಿತು. ಅದೇ ವರ್ಷಗಳಲ್ಲಿ ಗೌಡಗೆರೆಯಂಥ ಹೋಬಳಿಗೆ ಜನ ಆರಿಸಿದ ಪ್ರತಿನಿಧಿಗಳೆಂದರೆ, ಶಾಸಕ ಸಂಸದರನ್ನು ಬಿಟ್ಟರೆ, 2020ರ ಡಿಸೆಂಬರ್‌ನ ಚುನಾವಣೆಯಲ್ಲಿ ಬಂದ ಗ್ರಾಮ ಪಂಚಾಯಿತಿ ಸದಸ್ಯರು ಮಾತ್ರ. ತಾಲ್ಲೂಕು ಪಂಚಾಯಿತಿಯ ಸದಸ್ಯರ ಬಳಿಗೆ ಹೋಗುತ್ತಿದ್ದ ಶಾಲೆಯ ಕಾಂಪೌಂಡು, ಅಂಗನವಾಡಿಯ ಚಾವಣಿಗಳ ಅರ್ಜಿಗಳೂ ಅವರ ಮನೆಬಾಗಿಲಿಗೇ ಬರತೊಡಗಿದವು. ಹಿಂದೊಮ್ಮೆ ಮೀಸಲು ಸ್ಥಾನದಿಂದ ಗೆದ್ದು, ಸರದಿ ಬದಲಾದ ಮೇಲೂ ಸಾಮಾನ್ಯ ಸ್ಥಾನದಿಂದ ನಿಂತು ಗೆಲ್ಲಬಲ್ಲ ಮಹಿಳೆ ಅಥವಾ ದಲಿತ ಸದಸ್ಯರಿದ್ದರೆ, ಹುಟ್ಟಿನ ಹಕ್ಕು, ನೇಮಕ, ಮುಂದೂಡಿಕೆ ಮತ್ತು ಮೀಸಲಾತಿ ಈ ಯಾವುದರ ಆಸರೆಯೂ ಇಲ್ಲದ ದೀರ್ಘಾವಧಿಯನ್ನು ಈ ಸೀಮೆಯಲ್ಲಿ ಹುಡುಕಬೇಕಾದದ್ದು ಅವರಲ್ಲೇ.